ಹೊಲ–ಹಿತ್ತಲು: ಕವಳೆ ಬೇಲಿ ಬಗ್ಗೆ ನೀವು ಕೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಬೇಲಿ ಗಿಡಗಳ ಬಗ್ಗೆ ಬರೆಯುವಾಗ ಕವಳೆಗೆ ಎರಡೇ ಸಾಲು ಕೊಟ್ಟಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ. ನನಗಂತೂ ತುಂಬಾ ಖುಷಿಯಾಯಿತು. ಹಾಗಾಗಿ ಈ ಪುಟಗಳು ಪೂರ್ತಿ ಕವಳೆಗೇ. ಕರಾವಳಿ ಕಡೆಯವರು ಕರಂಡೆ ಅನ್ನುವುದು ಇದನ್ನೇ. ನಮ್ಮ ಗುಡ್ಡಗಳಲ್ಲಿ ಸಿಗುವುದು ಸಣ್ಣ ಕವಳೆ. ಎಲೆ ಸಣ್ಣದು, ಹಣ್ಣೂ ಸಣ್ಣದು, ಕಪ್ಪಾಗಿ ಹಣ್ಣಾದರೆ ಒಳ್ಳೇ ಸಿಹಿ. ತೋಟಕ್ಕೆ ಹಾಕುವ ದೊಡ್ಡ ಕವಳೆಯ ಕಾಯಿ ದಪ್ಪ, ಹುಳಿ ಜಾಸ್ತಿ, ಉಪ್ಪಿನಕಾಯಿಗೆ ಅದೇ ಸರಿ. ಎರಡನ್ನೂ ಬೆಳೆಸುವ ರೀತಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವ ಕಡೆ ಹೇಳುತ್ತಾ ಹೋಗುತ್ತೇನೆ.

ಅಕ್ಕಾ, ನಮ್ಮದು ಎರಡು ಎಕರೆ ಮಸಾರಿ ಹೊಲ. ಶೇಂಗಾ, ತೊಗರಿ ಹಾಕುತ್ತೇವೆ. ದನ, ಮೇಕೆ ಕಾಟ ಹೇಳತೀರದು. ಕಲ್ಲುಕಂಬ, ತಂತಿ ಹಾಕಿಸುವಷ್ಟು ದುಡ್ಡಿಲ್ಲ. ಬೋರ್ ಕೂಡ ಬತ್ತಿದೆ. ಕವಳೆ ಬೇಲಿ ಆಗುತ್ತದಾ? ಎಷ್ಟು ಸಸಿ ಬೇಕು? ಎಷ್ಟು ವರ್ಷಕ್ಕೆ ದನ ತಡೆಯುತ್ತದೆ?
– ರೈತರೊಬ್ಬರು, ಜಗಳೂರು ತಾಲ್ಲೂಕು

ಆಗುತ್ತದೆ ಅಣ್ಣಾ, ಚೆನ್ನಾಗೇ ಆಗುತ್ತದೆ. ನಿಮ್ಮ ಮಸಾರಿ ನೆಲ, ಕಡಿಮೆ ಮಳೆ, ಆ ಬಿಸಿಲು, ಮೂರೂ ಕವಳೆಗೆ ಒಗ್ಗಿದವೇ. ನಮ್ಮ ಹೊಲ ಹೊಳಲ್ಕೆರೆ ಕಡೆಯ ಗರಸು ಭೂಮಿ. ಪೂರ್ವದ ಬದುವಿನ ಮೇಲೆ ನಮ್ಮತ್ತೆ ಹಾಕಿದ ಕವಳೆ ಸಾಲು ಇವತ್ತಿಗೂ ಇದೆ. ಬರ ಬಿದ್ದ ವರ್ಷಗಳಲ್ಲಿ ಹೊಂಗೆ ಕೂಡ ಎಲೆ ಬಾಡಿಸಿಕೊಂಡು ನಿಂತಿತ್ತು. ಕವಳೆ ಮಾತ್ರ ಹಸಿರಾಗೇ ಇತ್ತು.

ಮೊದಲು ಲೆಕ್ಕ ನೋಡೋಣ. ಎರಡು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 1,180 ಅಡಿ. ಎರಡೂವರೆ ಅಡಿಗೆ ಒಂದು ಸಸಿ ಅಂದರೆ 470ರ ಹತ್ತಿರ ಆಗುತ್ತದೆ. ಹೊಲ ಉದ್ದಕ್ಕಿದ್ದರೆ ಸುತ್ತಳತೆ ಇನ್ನೂ ಜಾಸ್ತಿ, ಹಗ್ಗ ಹಿಡಿದು ಅಳೆದುಕೊಳ್ಳಿ. ಸತ್ತ ಕಡೆ ತುಂಬಿಸೋಕೆ ಅಂತ 100 ಸಸಿ ಹೆಚ್ಚಿಗೇ ಬೆಳೆಸಿ. ಇಷ್ಟನ್ನು ನರ್ಸರಿಯಿಂದ ಕೊಂಡರೆ ತಂತಿ ಬೇಲಿಯ ಕಡೆಗೇ ಹೋಗುತ್ತದೆ ಖರ್ಚು. ಮನೇಲೇ ಬೀಜದಿಂದ ಮಾಡಿಕೊಳ್ಳಿ, ಮುಂದಿನ ಉತ್ತರದಲ್ಲಿ ಅದನ್ನೇ ಹೇಳಿದ್ದೇನೆ. ಒಂದು ವರ್ಷ ಚೀಲದಲ್ಲಿ ಬೆಳೆದ ಸಸಿಯನ್ನೇ ಹೊಲಕ್ಕೆ ಹಾಕಬೇಕು. ಅಂದರೆ ಈ ವರ್ಷ ಬೀಜ, ಮುಂದಿನ ವರ್ಷ ನಾಟಿ.

ಬೇಲಿಗೆ ಒಂಟಿ ಗುಂಡಿಗಿಂತ ಉದ್ದ ಕಾಲುವೆ ತೆಗೆಯುವುದು ಒಳ್ಳೆಯದು. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿನ ಜೊತೆ ತಿಪ್ಪೆ ಗೊಬ್ಬರ ಬೆರೆಸಿ ತುಂಬಿ, ಒಂದೆರಡು ಮಳೆಗೆ ಮಣ್ಣು ಕೂರಲಿ. ಆರಿದ್ರ ಇಲ್ಲವೇ ಪುನರ್ವಸು ಮಳೆ ನೆಲ ನೆನೆಸಿದ ಮೇಲೆ ನಾಟಿ ಮಾಡಿ. ಆಗ ಮಳೆ ಕೈಕೊಟ್ಟರೆ ಹಟ ಮಾಡಬೇಡಿ. ನಮ್ಮ ಕಡೆ ಹುಬ್ಬೆ, ಉತ್ತರೆ, ಹಸ್ತೆ ಮಳೆಗಳೇ ಎಷ್ಟೋ ವರ್ಷ ಕೈ ಹಿಡಿಯುವುದು. ಅಲ್ಲಿವರೆಗೆ ಸಸಿ ಚೀಲದಲ್ಲೇ ಇರಲಿ, ಏನೂ ಆಗಲ್ಲ.

ನಿಮ್ಮ ಗಡಿಯಿಂದ ಮೂರು ಅಡಿ ಒಳಗೆ ಸಾಲು ಹಿಡಿಯಿರಿ. ಈಗ ಗೇಣುದ್ದದ ಸಸಿ ನೋಡಿ ಗಡಿ ಮೇಲೇ ಇಟ್ಟುಬಿಡೋಣ ಅನ್ನಿಸುತ್ತದೆ. ಐದು ವರ್ಷದಲ್ಲಿ ಅದು ಎರಡೂ ಕಡೆ ಕೈ ಚಾಚುತ್ತದೆ. ಪಕ್ಕದವರ ಟ್ರ್ಯಾಕ್ಟರಿಗೆ ಮುಳ್ಳು ತಗುಲಿದರೆ ಅಲ್ಲಿಂದ ಜಗಳ ಶುರು. ಬೇಲಿ ಹಾಕುವ ಮುಂಚೆ ಪಕ್ಕದ ಹೊಲದವರಿಗೆ ಒಂದು ಮಾತು ಹೇಳಿ. ಸಾಧ್ಯ ಆದರೆ ಅವರನ್ನೂ ಸೇರಿಸಿಕೊಂಡೇ ಹಾಕಿ, ಹಣ್ಣು ಇಬ್ಬರಿಗೂ.

ಈಗ ಬೇಲಿಯ ಗುಟ್ಟು. ಸಸಿ ಹಿಡಿದುಕೊಂಡು ಎರಡು ಅಡಿ ಎತ್ತರ ಬಂದಾಗ ಧೈರ್ಯವಾಗಿ ನೆಲದಿಂದ ಒಂದು ಅಡಿಗೆ ತುದಿ ಕತ್ತರಿಸಿ. ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೆ ಹಾಗೆ ಮಾಡದಿದ್ದರೆ ಗಿಡ ಮೇಲೆ ಮೇಲೆ ಹೋಗಿ ಬುಡ ಬರಿದಾಗುತ್ತದೆ. ಮೇಕೆ ನುಗ್ಗುವುದೇ ಬುಡದಲ್ಲಿ. ಕತ್ತರಿಸಿದ ಕಡೆಯಿಂದ ನಾಲ್ಕೈದು ಕವಲು ಬರುತ್ತವೆ, ಅವು ಅಡ್ಡಡ್ಡ ಹೆಣೆದುಕೊಳ್ಳುತ್ತವೆ. ಇನ್ನೊಂದು ವರ್ಷಕ್ಕೆ ಅವನ್ನೂ ಒಂದು ಗೇಣು ಮೇಲಕ್ಕೆ ಕತ್ತರಿಸಿ. ಕವಳೆ ಮುಳ್ಳನ್ನು ಹತ್ತಿರದಿಂದ ನೋಡಿದ್ದೀರಾ? ಜೋಡಿ ಜೋಡಿಯಾಗಿ ಬರುತ್ತವೆ. ಎಷ್ಟೋ ಮುಳ್ಳು ತುದಿಯಲ್ಲಿ ಮತ್ತೆ ಕವಲೊಡೆದಿರುತ್ತವೆ. ಎಳೆಯದಿದ್ದಾಗ ಕೆಂಪಗೆ, ಮೆತ್ತಗೆ. ಬಲಿತರೆ ಚಪ್ಪಲಿ ಅಟ್ಟೆ ತೂರಿ ಬರುವಷ್ಟು ಗಟ್ಟಿ. ಇಂಥ ಕೊಂಬೆ ಅಡ್ಡಡ್ಡ ಹೆಣೆದರೆ ದನ ಮೂತಿ ಹಾಕಲ್ಲ.

ದನ ತಡೆಯೋಕೆ ನಾಟಿಯಿಂದ ಮೂರರಿಂದ ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಸಸಿಗೇ ಕಾವಲು ಬೇಕಲ್ವಾ? ಎಳೆ ಚಿಗುರನ್ನು ಮೇಕೆ ತಿನ್ನುತ್ತದೆ. ಜಾಲಿ ಮುಳ್ಳು ಕಡಿದು ಸಾಲಿನ ಹೊರಗಡೆ ಒತ್ತಿಡಿ, ಪ್ರತಿವರ್ಷ ಹೊಸದು ಹಾಕಿ. ಮೊದಲೆರಡು ಬೇಸಿಗೆ ನೀರು ಕೊಡಲೇಬೇಕು, ಹತ್ತು ಹದಿನೈದು ದಿನಕ್ಕೊಮ್ಮೆ ಸಸಿಗೆ ಒಂದು ಕೊಡ. ಬೋರ್ ಬತ್ತಿದೆ ಅಂದಿರಿ, ಟ್ಯಾಂಕರ್ ಇಲ್ಲವೇ ಗಾಡಿಯಲ್ಲಿ ಡ್ರಮ್ ಇಟ್ಟುಕೊಂಡು ಹೋಗಬೇಕಾಗುತ್ತದೆ. ಅದಕ್ಕೇ ಎಲ್ಲಾ ಕಡೆ ಒಟ್ಟಿಗೆ ಹಾಕಬೇಡಿ. ದನ ನುಗ್ಗುವ ದಾರಿ ಕಡೆಯ ಒಂದು ಬದು ಮೊದಲು ಮಾಡಿ, ಅದು ನಿಂತ ಮೇಲೆ ಇನ್ನೊಂದು. ಬುಡಕ್ಕೆ ಶೇಂಗಾ ಹೊಟ್ಟು, ತೊಗರಿ ಸಿಪ್ಪೆ ಹರಡಿದರೆ ತೇವ ಉಳಿಯುತ್ತದೆ. ಗೆದ್ದಲು ಇರುವ ನೆಲವಾದರೆ ಹೊಟ್ಟು ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ. ಮೂರನೇ ವರ್ಷದಿಂದ ನೀರು ಬೇಕಿಲ್ಲ.

ಕಾಡುಹಂದಿಗೆ ಮಾತ್ರ ಇದೊಂದೇ ಸಾಲದು. ಅದು ಬುಡದಲ್ಲಿ ಸಣ್ಣ ಸಂದು ಸಿಕ್ಕರೂ ತಲೆ ತೂರಿಸಿ ಅಗಲ ಮಾಡಿಕೊಳ್ಳುತ್ತದೆ. ಹಂದಿ ಬರುವ ಕಡೆ ಎರಡು ಸಾಲು ಹಾಕಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವ ಹಾಗೆ.

ಮೇಡಂ, ಹೋದ ವರ್ಷ ತಿಂದ ಹಣ್ಣಿನ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೆ. ಈ ವರ್ಷ ಶಾಲೆಯ ಕೈತೋಟದಲ್ಲಿ ಮಕ್ಕಳ ಕೈಯಲ್ಲಿ ಹಾಕಿಸಿದೆ. ಒಂದೂ ಹುಟ್ಟಲಿಲ್ಲ. ಬೀಜ ಕೆಟ್ಟದ್ದಾ?
– ಮೇಷ್ಟ್ರು, ಹೊಸದುರ್ಗ

ಬೀಜ ಕೆಟ್ಟದ್ದಲ್ಲ ಮೇಷ್ಟ್ರೇ, ಹಳೇದಾಯಿತು. ಕವಳೆ ಬೀಜ ರಾಗಿ, ತೊಗರಿ ಥರ ವರ್ಷಗಟ್ಟಲೆ ಕಾಯುವುದಿಲ್ಲ. ಹಣ್ಣಿಂದ ತೆಗೆದ ಕೆಲವೇ ವಾರದಲ್ಲಿ ಹುಟ್ಟುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ತಿಂದ ವಾರದಲ್ಲೇ ಮಣ್ಣಿಗೆ ಹಾಕಬೇಕು.

ಮಕ್ಕಳಿಗೆ ಹೀಗೆ ಮಾಡಿಸಿ. ಪೂರ್ತಿ ಕಪ್ಪಾದ, ಒತ್ತಿದರೆ ಮೆತ್ತಗಾಗುವ ಹಣ್ಣು ತರಿಸಿ. ನಮ್ಮ ಕಡೆ ಗುಡ್ಡದ ಕವಳೆ ಕೃತ್ತಿಕೆ, ರೋಹಿಣಿ ಮಳೆ ಹೊತ್ತಿಗೆ ಹಣ್ಣಾಗುತ್ತದೆ, ಮೃಗಶಿರದವರೆಗೂ ಸಿಗುತ್ತದೆ. ದೊಡ್ಡ ಕವಳೆ ಇನ್ನೂ ತಡ, ಜುಲೈ ದಾಟಿದ ಮೇಲೆ. ಹಣ್ಣನ್ನು ಒಂದು ಬೋಗುಣಿ ನೀರಲ್ಲಿ ಹಾಕಿ ಕೈಯಲ್ಲೇ ಕಿವುಚಿ. ಕೈ ನೇರಳೆ ಆಗುತ್ತದೆ, ಸ್ವಲ್ಪ ಅಂಟುತ್ತದೆ. ಮಕ್ಕಳಿಗೆ ಅದೇ ಖುಷಿ. ತಿರುಳು ಬಿಟ್ಟ ಮೇಲೆ ಬೀಜ ತಳಕ್ಕೆ ಇಳಿಯುತ್ತದೆ. ಚಪ್ಪಟೆ, ಕಂದು ಬಣ್ಣ. ತೇಲುವ ಜೊಳ್ಳು ಚೆಲ್ಲಿ. ಎರಡು ಮೂರು ನೀರಲ್ಲಿ ತೊಳೆದು, ಗೋಣಿ ಮೇಲೆ ಹರಡಿ, ನೆರಳಲ್ಲಿ ಒಂದು ದಿನ ನೀರು ಆರಿಸಿ. ಬಿಸಿಲಿಗೆ ಇಡಬೇಡಿ.

ಚೀಲಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಪ್ರತಿ ಚೀಲಕ್ಕೆ ಎರಡು ಬೀಜ, ಅರ್ಧ ಬೆರಳು ಆಳ, ಅಷ್ಟೇ. ಆಳಕ್ಕೆ ಹೋದರೆ ಕೊಳೆಯುತ್ತದೆ. ಗರಿ ಚಪ್ಪರದ ಅರೆ ನೆರಳಲ್ಲಿಟ್ಟು ಸಂಜೆ ಹೊತ್ತು ಕೈಯಲ್ಲಿ ನೀರು ಚಿಮುಕಿಸಿ. ಮೂರು ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ. ನಾಲ್ಕು ಎಲೆ ಬಂದ ಮೇಲೆ ಬಲವಾದದ್ದೊಂದನ್ನು ಬಿಟ್ಟು ಇನ್ನೊಂದನ್ನು ಬೇರೆ ಚೀಲಕ್ಕೆ ಹಾಕಿ. ಮೊದಲ ಆರು ತಿಂಗಳು ಸಸಿ ತುಂಬಾ ನಿಧಾನ. ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಮೇಲೆ ಬೆಳೆಯದಿದ್ದರೂ ಕೆಳಗೆ ಬೇರು ಬಿಡುತ್ತಿದೆ ಅಂತ ಹೇಳಿ. ಚೀಲ ಕನಿಷ್ಠ ಎಂಟು ಇಂಚು ಉದ್ದದ್ದೇ ಇರಲಿ, ಯಾಕೆಂದರೆ ಆ ಬೇರು ನೇರ ಕೆಳಗಿಳಿಯುತ್ತದೆ.

ಕಡ್ಡಿ ನೆಟ್ಟರೆ ಬರುತ್ತದಾ ಅಂತಲೂ ಕೇಳಿದ್ದೀರಿ. ಕವಳೆ ಕಡ್ಡಿಯಿಂದ ಬೇರು ಬರಿಸುವುದು ಕಷ್ಟ. ಒಳ್ಳೇ ಗಿಡದ ಗುಣವೇ ಬೇಕು ಅಂದರೆ ಗೂಟಿ ಕಟ್ಟಿ. ಪುಷ್ಯ, ಆಶ್ಲೇಷ ಮಳೆಯಲ್ಲಿ ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ, ಒಂದು ಇಂಚು ಸಿಪ್ಪೆ ಉಂಗುರದಂತೆ ತೆಗೆದು, ಹಾಲು ಒರೆಸಿ, ಬೇರು ಬರಿಸುವ ಪುಡಿ ಹಚ್ಚಿ, ಒದ್ದೆ ತೆಂಗಿನ ನಾರಿನ ಪುಡಿ ಸುತ್ತಿ ಪ್ಲಾಸ್ಟಿಕ್ ಬಿಗಿಯಿರಿ. ಎರಡು ಮೂರು ತಿಂಗಳಿಗೆ ಬೇರು ಕಂಡರೆ ಕತ್ತರಿಸಿ ಚೀಲಕ್ಕೆ. ಗೂಟಿ ಗಿಡ ಬೀಜದ ಗಿಡಕ್ಕಿಂತ ಬೇಗ ಫಲ ಕೊಡುತ್ತದೆ. ಆದರೆ ಬೇಲಿಗೆ ಬೀಜದ ಸಸಿಯೇ ಮೇಲು ಅಂತ ನನ್ನ ಗಟ್ಟಿ ಅಭಿಪ್ರಾಯ. ಬೇರು ಆಳಕ್ಕೆ ಹೋಗುತ್ತದೆ, ಬರ ತಡೆಯುತ್ತದೆ.

ಅಕ್ಕಾ, ನಾವು ದಾವಣಗೆರೆಯಲ್ಲಿ ಬಾಡಿಗೆ ಮನೆ, ಮಹಡಿ ಮೇಲೆ ಕುಂಡಗಳಿವೆ. ನರ್ಸರಿಯಲ್ಲಿ ಕವಳೆ ಅಂತ ಕೊಟ್ಟ ಗಿಡದಲ್ಲಿ ದೊಡ್ಡ ದೊಡ್ಡ ಬಿಳಿ ಹೂ, ಕೆಂಪು ಹಣ್ಣು ಬಂದಿದೆ. ಇದು ನಮ್ಮದೇ ಕವಳೆನಾ? ತಿನ್ನಬಹುದಾ?
– ಗೃಹಿಣಿ, ದಾವಣಗೆರೆ

ವಿವರ ನೋಡಿದರೆ ಇದು ಕವಳೆಯ ದಾಯಾದಿ. ದಕ್ಷಿಣ ಆಫ್ರಿಕಾ ಮೂಲದ್ದು, ನೇಟಾಲ್ ಪ್ಲಮ್ ಅಂತ ಹೆಸರು. ನಮ್ಮ ಕವಳೆಯ ಹೂ ಚಿಕ್ಕದು, ಕೊಂಬೆ ತುದಿಯಲ್ಲಿ ಗೊಂಚಲಾಗಿ ಬರುತ್ತದೆ. ಐದು ಎಸಳು, ಬಿಳಿ, ಮೊಗ್ಗಿನ ಬುಡದಲ್ಲಿ ಎಷ್ಟೋ ಸಲ ತಿಳಿ ಗುಲಾಬಿ. ಸಂಜೆ ಹತ್ತಿರ ಹೋದರೆ ಮಲ್ಲಿಗೆಯಂಥದ್ದೇ ಪರಿಮಳ. ಕಾಯಿ ಹಸಿರಿಂದ ಗುಲಾಬಿಗೆ, ಆಮೇಲೆ ನೇರಳೆ ಕಪ್ಪಿಗೆ ತಿರುಗುತ್ತದೆ. ನಿಮ್ಮದರ ಹಣ್ಣು ಕೆಂಪಲ್ಲೇ ನಿಲ್ಲುತ್ತದೆ. ನೇಟಾಲ್ ಪ್ಲಮ್ ಆಗಿದ್ದರೆ ಪೂರ್ತಿ ಕೆಂಪಾಗಿ ಮೆತ್ತಗಾದ ಹಣ್ಣು ತಿನ್ನಬಹುದು. ಆದರೆ ಬರೀ ನನ್ನ ಪತ್ರ ನಂಬಿ ಬಾಯಿಗೆ ಹಾಕಿಕೊಳ್ಳಬೇಡಿ. ಹಣ್ಣು, ಎಲೆ ಇರುವ ಕೊಂಬೆ ತಗೊಂಡು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಒಂದು ಸಲ ತೋರಿಸಿಬಿಡಿ, ನಿಮ್ಮ ಊರಲ್ಲೇ ಇದೆ.

ನಮ್ಮ ಕವಳೆಯೇ ಬೇಕು ಅಂದರೆ ಕುಂಡದಲ್ಲೂ ಬರುತ್ತದೆ. ಹದಿನೆಂಟು ಇಂಚಿನ ಕುಂಡ ಇಲ್ಲವೇ ಅರ್ಧ ಡ್ರಮ್ ಇರಲಿ, ಕೆಳಗೆ ತೂತು ಸರಿಯಾಗಿರಲಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಮೂಲೆ ಹುಡುಕಿ. ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ಹಣ್ಣು ಮುಗಿದ ಮೇಲೆ ಮೂರು ನಾಲ್ಕು ಅಡಿಗೆ ಕತ್ತರಿಸಿ ಇಟ್ಟುಕೊಳ್ಳಿ. ಬಟ್ಟೆ ಒಣಹಾಕುವ ತಂತಿ ಹತ್ತಿರ ಮಾತ್ರ ಇಡಬೇಡಿ, ಸೀರೆ ಹರಿಯುತ್ತದೆ.

ಭದ್ರಾ ನಾಲೆ ಪಕ್ಕದ ಗದ್ದೆ ಬದುವಿಗೆ ಕವಳೆ ಹಾಕಿದ್ದೆವು. ಎಲೆ ಹಳದಿಯಾಗಿ ಉದುರುತ್ತಿದೆ. ಯಾವ ಔಷಧಿ ಹೊಡೆಯಲಿ?
– ಮಲೇಬೆನ್ನೂರು

ಯಾವ ಔಷಧಿಯೂ ಬೇಡ. ಬೇರು ನೀರಲ್ಲಿ ಮುಳುಗಿದೆ. ಎರೆ ಭೂಮಿಯಲ್ಲೂ ಕವಳೆ ಬರುತ್ತದೆ, ಸ್ವಲ್ಪ ಚೌಳು ಇದ್ದರೂ ತಡೆದುಕೊಳ್ಳುತ್ತದೆ, ನೀರು ನಿಂತರೆ ಮಾತ್ರ ಆಗಲ್ಲ. ಬದುವಿಗೆ ಎರಡಡಿ ಮಣ್ಣು ಏರಿಸಿ, ಉಳಿದ ಗಿಡಗಳನ್ನು ಮುಂದಿನ ಮಳೆಗಾಲದ ಮೊದಲಲ್ಲಿ ಮಣ್ಣಿನ ಹೆಂಟೆ ಸಮೇತ ಎತ್ತಿ ಮೇಲಕ್ಕೆ ನೆಡಿ. ಅದೂ ಆಗಲ್ಲ ಅಂದರೆ ಆ ಜಾಗ ಬಿಟ್ಟುಬಿಡಿ, ಮನೆ ಹತ್ತಿರದ ಎತ್ತರದ ಕಡೆ ಹಾಕಿ.

ದಾಳಿಂಬೆ ತೋಟದ ಅಂಚಿಗೆ ದೊಡ್ಡ ಕವಳೆ ಹಾಕಿ ಆರು ವರ್ಷ ಆಯಿತು. ಡ್ರಿಪ್ ಇದೆ, ದಾಳಿಂಬೆ ಜೊತೆಗೇ ಗೊಬ್ಬರವೂ ಹೋಗುತ್ತದೆ. ಆಳೆತ್ತರ ಹಸಿರಾಗಿ ಬೆಳೆದಿದೆ. ಚೆಂದ ಕಾಣಲಿ ಅಂತ ಸಂಕ್ರಾಂತಿ ಹೊತ್ತಿಗೆ ನೀಟಾಗಿ ಕತ್ತರಿಸುತ್ತೇವೆ. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಕಿತ್ತು ಹಾಕಲಾ?
– ತೋಟದ ಮಾಲೀಕರು, ಹಿರಿಯೂರು

ದಯವಿಟ್ಟು ಕೀಳಬೇಡಿ. ನಿಮ್ಮ ಗಿಡ ತುಂಬಾ ಆರೋಗ್ಯವಾಗಿದೆ. ಅದಕ್ಕೆ ಹೂ ಬಿಡುವ ಅವಕಾಶವೇ ಸಿಕ್ಕಿಲ್ಲ ಅಷ್ಟೇ.

ಕವಳೆ ಹೂ ಬರುವುದು ಕೊಂಬೆಯ ತುದಿಯಲ್ಲಿ. ನಮ್ಮ ಕಡೆ ಫೆಬ್ರವರಿಯಿಂದ ಮೊಗ್ಗು ಕಾಣುತ್ತದೆ, ಯುಗಾದಿ ಹೊತ್ತಿಗೆ ಗಿಡದ ತುಂಬಾ ಬಿಳುಪು. ನೀವು ಸಂಕ್ರಾಂತಿಗೆ ಕತ್ತರಿ ಆಡಿಸಿದಾಗ ಆ ವರ್ಷದ ಹೂವನ್ನೆಲ್ಲಾ ಕೊಂಬೆ ತುದಿ ಜೊತೆ ಕಸಕ್ಕೆ ಹಾಕಿದಂತಾಯಿತು. ಕತ್ತರಿಸುವ ಕಾಲ ಹಣ್ಣು ಕೊಯ್ದು ಮುಗಿದ ಕೂಡಲೇ, ದೊಡ್ಡ ಕವಳೆಗೆ ಅಂದರೆ ಆಗಸ್ಟ್, ಸೆಪ್ಟೆಂಬರ್. ಆಗ ಬಂದ ಚಿಗುರು ಹಿಂಗಾರು ಮಳೆಯಲ್ಲಿ ಬೆಳೆದು ಬಲಿತು, ಬೇಸಿಗೆಗೆ ಹೂ ಹೊರುತ್ತದೆ. ದೀಪಾವಳಿ ಆದ ಮೇಲೆ ಕತ್ತರಿ ಒಳಗಿಡಿ.

ಎರಡನೇದು ನೀರು. ಹಿರಿಯೂರಂಥ ಒಣ ಸೀಮೆಯಲ್ಲಿ ಹುಟ್ಟಿ ಬೆಳೆಯುವ ಜಾತಿ ಇದು. ಚಳಿಗಾಲದಲ್ಲಿ ನೆಲ ಒಣಗಿ, ಗಿಡದ ಬೆಳವಣಿಗೆ ನಿಂತಾಗಲೇ ಅದು ಹೂವಿನ ಕಡೆ ತಿರುಗುವುದು. ದಾಳಿಂಬೆ ಬೆಳೆಯುವ ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ, ಹೂ ಬರಿಸೋಕೆ ದಾಳಿಂಬೆಗೂ ನೀರು ನಿಲ್ಲಿಸುತ್ತೀರಲ್ವಾ? ಕವಳೆ ಸಾಲಿನ ಡ್ರಿಪ್ ಪೈಪಿಗೆ ಬೇರೆ ಗೇಟ್ ವಾಲ್ವ್ ಹಾಕಿಸಿ. ನವೆಂಬರ್ ಕೊನೆಯಿಂದ ಮೊಗ್ಗು ಕಾಣುವವರೆಗೆ ಪೂರ್ತಿ ಬಂದ್. ಕಾಯಿ ಕಟ್ಟಿದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದಿಷ್ಟು ಕೊಟ್ಟರೆ ಕಾಯಿ ದಪ್ಪ ಆಗುತ್ತದೆ.

ಯೂರಿಯಾ ಅಂಶ ಪೈಪಲ್ಲಿ ಹೋಗುವುದೂ ನಿಲ್ಲಬೇಕು. ಅದು ಎಲೆ ಮಾಡುತ್ತದೆ, ಹಣ್ಣು ಮಾಡಲ್ಲ. ವರ್ಷಕ್ಕೊಮ್ಮೆ ಮಳೆಗಾಲದ ಮೊದಲಲ್ಲಿ ಗಿಡಕ್ಕೆ ಒಂದು ಬುಟ್ಟಿ, ಅಂದರೆ 10ರಿಂದ 15 ಕೆ.ಜಿ. ತಿಪ್ಪೆ ಗೊಬ್ಬರ ಸಾಕು. ಇಷ್ಟು ಮಾಡಿ ಎರಡು ಬೇಸಿಗೆ ನೋಡಿ. ಆಗಲೂ ಹೂ ಬರದಿದ್ದರೆ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದವರಿಗೆ ತೋರಿಸಿ, ನಿಮಗೆ ಹತ್ತಿರವೇ. ತಳಿ ಯಾವುದು ಅಂತಲೂ ಕೇಳಿದ್ದೀರಿ. ಪಂತನಗರದ ಕೃಷಿ ವಿಶ್ವವಿದ್ಯಾಲಯದವರು ಬಿಟ್ಟ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಮತ್ತು ದಾಪೋಲಿಯವರ ಕೊಂಕಣ ಬೋಲ್ಡ್ ಹೆಸರು ಮಾಡಿದ ತಳಿಗಳು. ಹೊಸದಾಗಿ ಕೊಳ್ಳುವುದಾದರೆ ಇವನ್ನು ಕೇಳಿ. ಇರುವ ಗಿಡ ಮಾತ್ರ ತಳಿಯ ನೆಪ ಹೇಳಿ ಕೀಳಬೇಡಿ.

ಕವಳೆ ಗಿಡದಲ್ಲಿ ಬೆರಳು ದಪ್ಪದ ಹಸಿರು ಹುಳ. ತಲೆ ಹತ್ತಿರ ಎರಡು ನೀಲಿ ಕಣ್ಣು, ಹಿಂದೆ ಒಂದು ಕೊಂಬು. ನೋಡಿ ಮಗಳು ಹೆದರಿಕೊಂಡಳು. ಕಚ್ಚುತ್ತದಾ?
– ಹೊಳಲ್ಕೆರೆ

ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಅವು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸೋಕೆ ಇರುವ ಮಚ್ಚೆ. ಕಣಗಿಲೆ, ನಂದಿಬಟ್ಟಲು, ಕವಳೆಯಂಥ ಹಾಲಿನ ಗಿಡಗಳ ಎಲೆ ತಿನ್ನುವ ಪತಂಗದ ಮರಿ ಅದು. ದೊಡ್ಡದಾದ ಮೇಲೆ ಹಸಿರು, ಗುಲಾಬಿ ಬಣ್ಣದ ಬಲು ಚೆಂದದ ಪತಂಗ ಆಗುತ್ತದೆ. ಬಲಿತ ಗಿಡಕ್ಕೆ ಒಂದೆರಡು ಹುಳ ಲೆಕ್ಕಕ್ಕಿಲ್ಲ, ಬಿಟ್ಟುಬಿಡಿ. ಎಳೆ ಸಸಿ ಮೇಲಿದ್ದರೆ ಕಡ್ಡಿಯಲ್ಲಿ ಎತ್ತಿ ಕಣಗಿಲೆ ಗಿಡಕ್ಕೆ ಬಿಡಿ. ಮಗಳನ್ನೂ ಜೊತೆಗೆ ಕರಕೊಂಡು ಹೋಗಿ.

ಅಕ್ಕಾ, ನನ್ನ ಮಗ ಶಾಲೆಯಿಂದ ಬರುವಾಗ ಕವಳೆಕಾಯಿ ತಿಂದು ಬಂದ. ತುಟಿಯೆಲ್ಲಾ ಅಂಟಂಟು. ಹಾಲು ಬರುವ ಕಾಯಿ ವಿಷ ಅಂತಾರೆ ನಮ್ಮ ಅತ್ತೆ. ಇನ್ನೊಂದು ಪ್ರಶ್ನೆ, ನನಗೆ ರಕ್ತ ಕಡಿಮೆ ಇದೆ. ಕವಳೆ ತಿಂದರೆ ರಕ್ತ ಜಾಸ್ತಿ ಆಗುತ್ತದಾ?
– ಚಿತ್ರದುರ್ಗ

ಕವಳೆಕಾಯಿ ವಿಷ ಅಲ್ಲ ತಾಯಿ. ಹಸಿ ಕಾಯಿಯ ಹಾಲು ಅಂಟುತ್ತದೆ, ಜಾಸ್ತಿ ತಿಂದರೆ ಗಂಟಲು ಕೆರೆಯುತ್ತದೆ, ಹಲ್ಲು ಚುಳ್ ಅನ್ನುತ್ತದೆ. ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬಿಡುತ್ತದೆ. ಕಪ್ಪಾದ ಹಣ್ಣನ್ನು ತೊಳೆದು ಎಷ್ಟು ಬೇಕಾದರೂ ತಿನ್ನಲಿ.

ಆದರೆ ನಿಮ್ಮ ಅತ್ತೆ ಹೇಳಿದ್ದನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಥವಿದೆ. ಕವಳೆ ಇರುವ ಕುಟುಂಬದಲ್ಲೇ ಕಣಗಿಲೆ ಇದೆ, ಹಳದಿ ಹೂವಿನ ಕಣಗಿಲೆಯೂ ಇದೆ. ಆ ಹಳದಿ ಕಣಗಿಲೆಯ ಕಾಯಿ, ಬೀಜ ಪ್ರಾಣ ತೆಗೆಯುವಂಥ ವಿಷ. ಬೇಲಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಮಗನನ್ನು ಕರೆದುಕೊಂಡು ಹೋಗಿ ತೋರಿಸಿ. ಕವಳೆಗೆ ಮುಳ್ಳಿದೆ, ಎಲೆ ದುಂಡಗೆ, ಹಣ್ಣು ಗೋಲಿಗಿಂತ ಚಿಕ್ಕದು. ಹಳದಿ ಕಣಗಿಲೆಗೆ ಮುಳ್ಳಿಲ್ಲ, ಎಲೆ ಉದ್ದ ಕಿರಿದು, ಕಾಯಿ ದಪ್ಪ, ನಡುವೆ ಏಣು. ಯಾರಾದರೂ ಅದನ್ನು ತಿಂದದ್ದು ಗೊತ್ತಾದರೆ ಮನೆ ಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ರಕ್ತದ ವಿಷಯ. ಕವಳೆಯಲ್ಲಿ ಕಬ್ಬಿಣದ ಅಂಶ ಇದೆ, ಹುಳಿ ಹಣ್ಣಾದ್ದರಿಂದ ಸಿ ಜೀವಸತ್ವವೂ ಇದೆ. ಊಟದ ಜೊತೆ ತಿಂದರೆ ಒಳ್ಳೆಯದೇ. ಹಾಗಂತ ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಹಣ್ಣು ಸಿಗುವುದು ವರ್ಷದಲ್ಲಿ ಎರಡು ತಿಂಗಳು, ನಿಮಗೆ ರಕ್ತ ಬೇಕಾದದ್ದು ವರ್ಷಪೂರ್ತಿ. ಊಟ ಆದ ಕೂಡಲೇ ಟೀ ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಬಿಡಿ, ಕಬ್ಬಿಣ ಮೈಗೆ ಹತ್ತುವುದಕ್ಕೆ ಅದು ಅಡ್ಡಿ.

ನಮ್ಮದು ಹತ್ತು ಹೆಣ್ಣುಮಕ್ಕಳ ಸ್ವಸಹಾಯ ಸಂಘ. ಊರಲ್ಲಿ ಕವಳೆ ಚೆನ್ನಾಗಿ ಸಿಗುತ್ತದೆ. ಉಪ್ಪಿನಕಾಯಿ ಮಾಡಿ ಮಾರಬಹುದಾ? ಹೋದ ಸಲ ಮಾಡಿದ್ದು ಮೆತ್ತಗಾಗಿ ಬೂಷ್ಟು ಬಂತು.
– ಮೊಳಕಾಲ್ಮೂರು

ಖಂಡಿತ ಮಾರಬಹುದು. ಮೆತ್ತಗಾಗಿದ್ದಕ್ಕೆ ಕಾರಣ ಕಾಯಿ ಬಲಿತು ಬಣ್ಣ ತಿರುಗಿದ್ದು ಇರಬೇಕು. ಉಪ್ಪಿನಕಾಯಿಗೆ ಪೂರ್ತಿ ಹಸಿರು ಕಾಯಿ, ಉಗುರು ಒತ್ತಿದರೆ ಹಾಲು ಜಿನುಗುವಂಥದ್ದು ಬೇಕು. ತೊಟ್ಟು ತೆಗೆದು, ಉಪ್ಪು ಹಾಕಿದ ನೀರಲ್ಲಿ ಎರಡು ಸಲ ತೊಳೆಯಿರಿ, ಅಂಟು ಹೋಗುತ್ತದೆ. ಬಟ್ಟೆ ಮೇಲೆ ಹರಡಿ, ಒಂದು ಹನಿ ನೀರೂ ಇಲ್ಲದ ಹಾಗೆ ಆರಿಸಿ. ಬೂಷ್ಟು ಬರುವುದು ಈ ನೀರಿಂದಲೇ. ಕೈಗೆ, ಚಾಕುವಿಗೆ ಎಣ್ಣೆ ಸವರಿಕೊಂಡು ಎರಡು ಹೋಳು ಮಾಡಿ ಬೀಜ ತೆಗೆಯಿರಿ. ನಾಲ್ಕು ಪಾವು ಹೋಳಿಗೆ ಒಂದು ಪಾವು ಕಲ್ಲುಪ್ಪು ಪುಡಿ ಮಾಡಿ ಬೆರೆಸಿ, ಜಾಡಿಯಲ್ಲಿ ಮೂರು ದಿನ ಇಡಿ. ದಿನಾ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ. ಹೋಳು ನೀರು ಬಿಟ್ಟು ಬಣ್ಣ ಇಳಿಯುತ್ತದೆ. ಆಮೇಲೆ ಬ್ಯಾಡಗಿ ಮೆಣಸಿನಪುಡಿ, ಸಾಸಿವೆ ಪುಡಿ, ಹುರಿದ ಮೆಂತ್ಯದ ಪುಡಿ, ಇಂಗು. ಕಾಯಿಸಿ ಪೂರ್ತಿ ಆರಿಸಿದ ಎಣ್ಣೆ, ಹೋಳಿನ ಮೇಲೆ ಒಂದು ಬೆರಳು ನಿಲ್ಲುವಷ್ಟು. ನಿಂಬೆ, ಹುಣಸೆ ಯಾವುದೂ ಬೇಡ, ಕವಳೆಯ ಹುಳಿಯೇ ಸಾಕು. ಬಿಸಿ ಮುದ್ದೆ, ಸಾರಿನ ಜೊತೆ ಇದರ ಒಂದು ಹೋಳಿದ್ದರೆ ಊಟಕ್ಕೆ ಬೇರೇನೂ ಬೇಡ ಅನ್ನಿಸುತ್ತದೆ. ಬಾಟಲಿಗೆ ತುಂಬಿ ಮಾರುವ ಮುಂಚೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ, ಎಫ್‌ಎಸ್‌ಎಸ್‌ಎಐ ನಂಬರ್ ಚೀಟಿ ಮೇಲೆ ಇರಬೇಕು.

ಇನ್ನೊಂದು ದಾರಿಯೂ ಇದೆ. ಬೇಕರಿಯಲ್ಲಿ ಕೇಕ್ ಮೇಲೆ, ಐಸ್‌ಕ್ರೀಂ ಮೇಲೆ ಕೆಂಪಗೆ ಹೊಳೆಯುವ ಚೆರ್ರಿ ನೋಡಿದ್ದೀರಲ್ಲಾ, ಅದು ಎಷ್ಟೋ ಸಲ ಬಣ್ಣ, ಸಕ್ಕರೆ ಪಾಕ ಕುಡಿಸಿದ ದೊಡ್ಡ ಕವಳೆ. ಆ ಕೆಲಸಕ್ಕೆ ದಪ್ಪ ಕಾಯಿ ಬೇಕು, ಗುಡ್ಡದ್ದು ನಡೆಯಲ್ಲ. ಸಂಘದವರು ದೊಡ್ಡ ಕವಳೆ ಹಾಕುವುದಾದರೆ ಗಿಡದಿಂದ ಗಿಡಕ್ಕೆ ಹತ್ತು ಅಡಿ ಬಿಟ್ಟು ಹಾಕಿ, ಕೊಯ್ಯೋಕೆ ಒಳಗೆ ಕೈ ಹೋಗಬೇಕು. ಜೆಲ್ಲಿ ಮಾಡುವುದಕ್ಕೂ ಕವಳೆ ಬಲು ಒಳ್ಳೆಯದು, ಪೆಕ್ಟಿನ್ ಜಾಸ್ತಿ ಇರುವುದರಿಂದ ತಾನಾಗೇ ಗಟ್ಟಿಯಾಗುತ್ತದೆ. ಅದಕ್ಕೆ ಪೂರ್ತಿ ಹಣ್ಣಾದದ್ದಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿದ್ದು ಆರಿಸಿ.

ಅಕ್ಕಾ, ಬೀಜ ಹಾಕಿ ವರ್ಷ ಕಾಯೋದು ಯಾಕೆ? ನಮ್ಮೂರ ಗುಡ್ಡದಲ್ಲಿ ಬೇಕಾದಷ್ಟು ಕವಳೆ ಪೊದೆ ಇದೆ. ಜೆಸಿಬಿಯಲ್ಲಿ ಎತ್ತಿ ತಂದು ಹೊಲದ ಸುತ್ತ ನೆಟ್ಟರೆ ಒಂದೇ ಮಳೆಗಾಲಕ್ಕೆ ಬೇಲಿ ರೆಡಿ ಅಲ್ವಾ?
– ಯುವಕ, ಜಗಳೂರು ತಾಲ್ಲೂಕು

ಬೇಡ ತಮ್ಮಾ, ಬೇಡವೇ ಬೇಡ. ಬಲಿತ ಕವಳೆಯ ತಾಯಿ ಬೇರು ಕಲ್ಲುಬಂಡೆ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತದೆ. ಜೆಸಿಬಿ ಎತ್ತಿದಾಗ ಅದು ತುಂಡಾಗುತ್ತದೆ. ತಂದು ನೆಟ್ಟ ಹತ್ತರಲ್ಲಿ ಒಂದೋ ಎರಡೋ ಉಳಿದರೆ ಹೆಚ್ಚು. ಗುಡ್ಡವೂ ಬೋಳು, ಬೇಲಿಯೂ ಇಲ್ಲ.

ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಇದೆ. 2011ರಲ್ಲಿ ಘೋಷಣೆ ಆದದ್ದು. ನಾಲ್ಕು ಕೊಂಬಿನ ಆ ಪುಟ್ಟ ಜಿಂಕೆಯಂಥ ಪ್ರಾಣಿಗೆ ಅಂತಲೇ ಉಳಿಸಿಕೊಂಡ ಕಾಡು. ಅಲ್ಲಿಂದ ಗಿಡ ಕೀಳುವುದು ಅಪರಾಧ, ಹಣ್ಣೂ ತರುವ ಹಾಗಿಲ್ಲ. ವನ್ಯಧಾಮದ ಹೊರಗಿನ ಅರಣ್ಯ ಭೂಮಿಯಾದರೂ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಕಾನೂನಿನ ಮಾತು ಪಕ್ಕಕ್ಕಿಡಿ. ಬೇಸಿಗೆ ಕೊನೆಗೆ ಗುಡ್ಡದಲ್ಲಿ ಏನಿರುತ್ತದೆ ಹೇಳಿ? ಹುಲ್ಲು ಒಣಗಿರುತ್ತದೆ, ಹೊಂಡದಲ್ಲಿ ನೀರಿಲ್ಲ. ಆ ಹೊತ್ತಿಗೆ ಹಣ್ಣು ಕೊಡುವುದು ಕವಳೆ, ಕಾರೆಯಂಥ ಪೊದೆಗಳೇ. ಕರಡಿ ತಿನ್ನುತ್ತದೆ, ಪಿಕಳಾರ ತಿನ್ನುತ್ತದೆ. ಹಕ್ಕಿ ತಿಂದು ಹಾಕಿದ ಬೀಜದಿಂದಲೇ ಮುಂದಿನ ಪೊದೆ ಹುಟ್ಟುವುದು. ಗುಡ್ಡದಲ್ಲಿ ಹಣ್ಣು ಸಿಗದಿದ್ದರೆ ಕರಡಿ ನಿಮ್ಮ ಶೇಂಗಾ ಹೊಲಕ್ಕೇ ಇಳಿಯುತ್ತದೆ.

ನಿಮ್ಮ ಹೊಲದ ಬದುವಿನಲ್ಲೋ, ಗೊತ್ತಿರುವವರ ಹೊಲದಲ್ಲೋ ಹಳೇ ಪೊದೆ ಒಂದಾದರೂ ಇರುತ್ತದೆ. ಅದರಿಂದ ಒಂದು ಸಣ್ಣ ಬುಟ್ಟಿ ಹಣ್ಣು ಸಾಕು. ಒಂದು ಹಣ್ಣಲ್ಲಿ ಎರಡರಿಂದ ನಾಲ್ಕು ಬೀಜ ಇರುತ್ತದೆ, ನಿಮ್ಮ ಬೇಲಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಸಾಲಿನ ನಡುನಡುವೆ ಕಾರೆ ಗಿಡವೂ ಸೇರಿಸಿ, ಅದರ ಹಳದಿ ಹಣ್ಣೂ ತಿನ್ನಬಹುದು, ಮುಳ್ಳೂ ಗಟ್ಟಿ. ರೋಹಿಣಿ ಮಳೆ ಹೊತ್ತಿಗೆ ಚೀಲಕ್ಕೆ ಮಣ್ಣು ತುಂಬಿಸಿಟ್ಟುಕೊಂಡಿರಿ. ಹಣ್ಣು ಕೈಗೆ ಬಂದ ದಿನವೇ ಕೆಲಸ ಶುರು ಮಾಡಬೇಕು. ಈ ಪುಟದ ಮೊದಲ ಪತ್ರ ಬರೆದ ರೈತರೂ ನಿಮ್ಮ ತಾಲ್ಲೂಕಿನವರೇ. ಇಬ್ಬರೂ ಒಪ್ಪಿದರೆ ನನಗೊಂದು ಕಾರ್ಡ್ ಹಾಕಿ, ಅವರ ವಿಳಾಸ ನಿಮಗೆ, ನಿಮ್ಮದು ಅವರಿಗೆ ಕಳಿಸುತ್ತೇನೆ. ಬೀಜ, ಚೀಲ, ಟ್ಯಾಂಕರ್ ನೀರು, ಮೂರನ್ನೂ ಹಂಚಿಕೊಳ್ಳಬಹುದು.